ಬೀರುವಿನಲ್ಲಿ ಭದ್ರವಾಗಿದ್ದ ಲೈಸೆನ್ಸು

ಕಬ್ಬಿಣದ ಬೀರುವಿನ ಬೀಗದ ಕೈ ನನ್ನ ಬ್ಯಾಗಿನಲ್ಲಿರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಯಜಮಾನರನ್ನೂ ಮ್ಯಾನೇಜರನ್ನೂ ಬೈಯುವಾಗ ‘ಆಹಾ, ಈಯಮ್ಮ ಮಾತ್ರ ಭಾರಿ ಸಾಚಾ’ ಎಂದು ನಿಮಗೆ ಅನ್ನಿಸಬಾರದು. ಬೈಯುವುದಂತೂ ಬೈಯುತ್ತೇನೆ. ಆದರೆ ಬೀಗದ ಕೈ ನನ್ನ ಹತ್ತಿರವೇ ಇತ್ತು.

ನಮ್ಮದು ಇಪ್ಪತ್ತಾರು ಲಾರಿಗಳ ಸರಕು ಸಾಗಣೆ ಕಂಪನಿ. ಹಿನಕಲ್ ದಾಟಿ ರಿಂಗ್ ರಸ್ತೆಗೆ ಬಂದರೆ ಎಡಗಡೆಗೆ ಯಾರ್ಡು, ಯಾರ್ಡಿನ ಮೂಲೆಯಲ್ಲಿ ಎರಡು ಕೋಣೆಯ ಆಫೀಸು. ಡ್ರೈವರುಗಳನ್ನು ಹುಡುಕುವುದು, ಪರೀಕ್ಷೆ ಮಾಡಿ ಸೇರಿಸಿಕೊಳ್ಳುವುದು, ಸೇರಿದವರು ಬಿಟ್ಟು ಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ವಿದ್ಯಾರಣ್ಯಪುರಂನಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಸ್ಕೂಟರ್ ಹತ್ತಿದರೆ ಒಂಬತ್ತರೊಳಗೆ ಕುರ್ಚಿಯಲ್ಲಿರುತ್ತಿದ್ದೆ.

ಅಲ್ಲಿ ಒಂದು ರೂಢಿ ಇತ್ತು. ಡ್ರೈವರ್ ಸೇರಿದ ದಿನವೇ ಅವರ ಒರಿಜಿನಲ್ ಲೈಸೆನ್ಸು ನಮ್ಮ ಬೀರುವಿಗೆ ಹೋಗುತ್ತಿತ್ತು. ಅವರ ಕೈಗೆ ಒಂದು ಜೆರಾಕ್ಸು, ಅದರ ಮೇಲೆ ಕಂಪನಿಯ ಸೀಲು. ಕೆಲಸ ಬಿಡಬೇಕೆಂದರೆ ತಿಂಗಳು ಮುಂಚೆ ಹೇಳಬೇಕು, ಬದಲಿ ಡ್ರೈವರ್ ಸಿಗುವ ತನಕ ಕಾಯಬೇಕು, ಆಮೇಲೆ ಲೈಸೆನ್ಸು ವಾಪಸ್ಸು. ಇದಕ್ಕೆ ಯಾವ ಕಾನೂನಿನ ಆಧಾರವೂ ಇಲ್ಲ. ಆದರೂ ಸುತ್ತಮುತ್ತಲಿನ ಬಹಳಷ್ಟು ಲಾರಿ ಆಫೀಸುಗಳಲ್ಲಿ ಇದೇ ನಡೆಯುತ್ತಿತ್ತು, ಡ್ರೈವರುಗಳೂ ಇದು ದೇವರು ಬರೆದ ಬರಹವೋ ಎಂಬಂತೆ ತೆಗೆದು ಕೊಟ್ಟುಬಿಡುತ್ತಿದ್ದರು.

ನಾನು ಸೇರುವ ಮುಂಚೆ ಆ ಲೈಸೆನ್ಸುಗಳೆಲ್ಲ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟಾಗಿ ಬಿದ್ದಿದ್ದವು. ನಾನು ಬಂದು ಅಚ್ಚುಕಟ್ಟು ಮಾಡಿದೆ. ಒಂದೊಂದಕ್ಕೂ ಪ್ಲಾಸ್ಟಿಕ್ ಕವರ್ ಹಾಕಿ, ಅಕಾರಾದಿಯಾಗಿ ಜೋಡಿಸಿ, ಒಂದು ರಿಜಿಸ್ಟರ್ ತೆರೆದೆ. ಹೆಸರು, ಲೈಸೆನ್ಸ್ ನಂಬರು, ಪಡೆದ ದಿನ, ಸಹಿ. ನಾಲ್ಕು ಕಾಲಂ. ನೋಡಿದವರೆಲ್ಲ ಹೊಗಳಿದರು, ನಾನೂ ಉಬ್ಬಿದೆ. ಅವಧಿ ಯಾವತ್ತು ಮುಗಿಯುತ್ತದೆ ಎಂದು ಬರೆಯಲು ಐದನೆಯ ಕಾಲಂ ಬೇಕೆಂಬುದು ಇಷ್ಟು ಬುದ್ಧಿವಂತೆಯ ತಲೆಗೆ ಹೊಳೆಯಲಿಲ್ಲ.

ಯುಗಾದಿ ಮುಗಿದ ವಾರ ನಮಗೆ ಒಂದು ದೊಡ್ಡ ಕಾರ್ಖಾನೆಯ ಸಾಗಣೆ ಗುತ್ತಿಗೆ ಸಿಕ್ಕಿತು. ಸಿಕ್ಕಿದ್ದೇನೋ ಸಿಕ್ಕಿತು, ಓಡಿಸುವವರೆಲ್ಲಿ? ಏಳು ಲಾರಿಗಳು ಡ್ರೈವರ್ ಇಲ್ಲದೆ ಯಾರ್ಡಿನಲ್ಲಿ ದೂಳು ಹಿಡಿದು ನಿಂತಿದ್ದವು. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬೆಳಿಗ್ಗೆ ಬರುತ್ತಿದ್ದ ಯಜಮಾನರು ಅವುಗಳನ್ನು ಎಣಿಸಿಕೊಂಡೇ ಒಳಗೆ ಬರುವರು.

“ಏನಮ್ಮ, ಪೂಜೆ ಮಾಡಿ ನಿಲ್ಸಿದೀನಿ ಗಾಡಿಗಳ್ನ. ಇನ್ನೇನು ನಾನೇ ಲುಂಗಿ ಎತ್ತಿ ಕಟ್ಕೊಂಡು ಓಡಿಸ್ಲಾ?”

ನಾನು ಬೀದಿಗಿಳಿದೆ. ಪೇಪರಿನಲ್ಲಿ ಜಾಹೀರಾತು ಕೊಟ್ಟರೆ ಬರುವವರು ಕಾರು ಓಡಿಸುವವರು. ಭಾರಿ ವಾಹನದ ಲೈಸೆನ್ಸ್ ಇರುವವನು ಪೇಪರು ಓದುತ್ತ ಕೂತಿರುವುದಿಲ್ಲ. ಬಂಡೀಪಾಳ್ಯದ ಮಾರುಕಟ್ಟೆ ಯಾರ್ಡು, ನಂಜನಗೂಡು ರಸ್ತೆಯ ಢಾಬಾಗಳು, ರಿಂಗ್ ರಸ್ತೆಯ ಟೀ ಅಂಗಡಿಗಳು, ಎಲ್ಲ ಸುತ್ತಿದೆ. ಕೊನೆಗೆ ನನಗೆ ಗೊತ್ತಾಗಿದ್ದು, ಡ್ರೈವರುಗಳ ಸುದ್ದಿ ಇರುವುದು ಪಂಕ್ಚರ್ ಅಂಗಡಿಯಲ್ಲಿ ಎಂದು. ಧಣಿಯ ಮೇಲೆ ಸಿಟ್ಟಾದ ಡ್ರೈವರ್ ಅದನ್ನು ಹೆಂಡತಿಗೆ ಹೇಳುವ ಮುಂಚೆ ಪಂಕ್ಚರ್ ಹಾಕುವವನಿಗೆ ಹೇಳಿರುತ್ತಾನೆ. ಒಂದು ಹತ್ತು ಅಂಗಡಿಗಳಲ್ಲಿ ನನ್ನ ನಂಬರು ಕೊಟ್ಟು ಬಂದೆ. ವಾರದೊಳಗೆ ಫೋನುಗಳು ಬರತೊಡಗಿದವು.

ಬಂದವರನ್ನು ಪರೀಕ್ಷೆ ಮಾಡಲು ನನಗೆ ಜೊತೆಯಾಗುತ್ತಿದ್ದವರು ನಮ್ಮ ಹಿರಿಯ ಡ್ರೈವರ್. ವಯಸ್ಸು ಐವತ್ತು ದಾಟಿತ್ತು. ಊರು ನಂಜನಗೂಡಿನ ಕಡೆ, ಮನೆ ಅಶೋಕಪುರಂನಲ್ಲಿ. ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದಿದ್ದರೂ ಒಂದು ಕೋಳಿಗೂ ಗಾಡಿ ತಾಗಿಸಿದವರಲ್ಲ. ಮಾತು ಬಹಳ ಕಮ್ಮಿ. ಬಂದವರ ಕೈಗೆ ಕೀ ಕೊಟ್ಟು ‘ತಗಳಪ್ಪ’ ಎಂದು ಹೇಳಿ ಸುಮ್ಮನೆ ನಿಂತುಬಿಡುತ್ತಿದ್ದರು. ಮೊದಲ ಸಲ ನಾನು ಕೇಳಿದೆ, “ಏನು ಮಾಡಬೇಕು ಅಂತ ಅವರಿಗೆ ಹೇಳಲ್ವಾ?”

“ಹೇಳಿ ಮಾಡ್ಸುದ್ರೆ ಏನ್ ಗೊತ್ತಾಯ್ತದೆ ಮೇಡಂ? ಕೀ ಕೊಟ್ಟೇಟ್ಗೆ ಸೀಟ್ ಹತ್ಬುಟ್ಟೋನ್ನ ತಗಬ್ಯಾಡಿ. ಗಾಡಿ ಸುತ್ತ ಒಂದ್ ರೌಂಡ್ ಬಂದು, ಟೈರ್ ತಟ್ಟಿ ನೋಡಿ, ಆಮೇಲೆ ಹತ್ತೋನ್ನ ತಗಳಿ.”

ಹತ್ತಿದ ಮೇಲೆ ಇನ್ನೂ ಎರಡು ವಿಷಯ ನೋಡುತ್ತಿದ್ದರು. ಬ್ರೇಕಿನ ಗಾಳಿ ಪೂರ್ತಿ ತುಂಬುವ ತನಕ ಕಾಯುತ್ತಾನೋ ಇಲ್ಲವೋ, ಮತ್ತು ಹಿಂದಕ್ಕೆ ತೆಗೆದುಕೊಳ್ಳುವಾಗ ಸಂದೇಹ ಬಂದರೆ ಇಳಿದು ನೋಡುತ್ತಾನೋ ಇಲ್ಲವೋ. ಇಳಿದು ನೋಡುವವನನ್ನು ನಾನು ಅಂಜುಬುರುಕ ಎಂದುಕೊಳ್ಳುತ್ತಿದ್ದೆ. ಅವರು ಅಂಥವರನ್ನೇ ಆರಿಸುತ್ತಿದ್ದರು. ಅವರು ಆರಿಸಿದ ಯಾರೂ ನನಗೆ ಆಮೇಲೆ ತಲೆನೋವಾಗಲಿಲ್ಲ.

ಎರಡು ತಿಂಗಳಲ್ಲಿ ಹದಿನಾಲ್ಕು ಜನರನ್ನು ಸೇರಿಸಿದೆ. ಒಂಬತ್ತು ಜನ ಬಿಟ್ಟುಹೋದರು. ಲೈಸೆನ್ಸು ಬೀರುವಿನಲ್ಲಿದ್ದರೂ ಹೋದರು. ಕಳೆದುಹೋಯಿತು ಎಂದು ಪೊಲೀಸರಿಗೆ ಅರ್ಜಿ ಕೊಟ್ಟು ಇನ್ನೊಂದು ಮಾಡಿಸಿಕೊಂಡರಂತೆ. “ಡ್ರೈವರ್ ಜಾತಿಗೇ ನಿಯತ್ತಿಲ್ಲ ಕಣ್ರೀ” ಎಂದು ಮ್ಯಾನೇಜರ್ ಗೊಣಗಿದರು. ಅವರು ಯಾವತ್ತೂ ಲಾರಿ ಹತ್ತಿದವರಲ್ಲ. ಹತ್ತಿದ್ದರೆ ಆಯುಧಪೂಜೆ ದಿನ ಫೋಟೋಕ್ಕೆ.

ಯಾಕೆ ಹೋಗುತ್ತಾರೆ ಎಂದು ನೋಡಲು ನಾನೇ ಒಂದು ದಿನ ಆ ಕಾರ್ಖಾನೆಯ ಗೇಟಿಗೆ ಹೋಗಿ ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ಡ್ರೈವರುಗಳ ಜೊತೆ ಕೂತೆ. ಒಳಗೆ ಬಿಡುವ ತನಕ ಗಾಡಿ ಬಿಟ್ಟು ಹೋಗುವಂತಿಲ್ಲ. ನೆರಳಿಲ್ಲ. ಕುಡಿಯುವ ನೀರಿನ ನಲ್ಲಿ ಗೇಟಿನ ಒಳಗೆ. ಶೌಚಾಲಯವೂ ಒಳಗೆ, ಅದಕ್ಕೆ ‘ಸಿಬ್ಬಂದಿಗೆ ಮಾತ್ರ’ ಎಂಬ ಬೋರ್ಡು ಬೇರೆ. ಅವರಿಗೇನೋ ಮುಳ್ಳುಪೊದೆ ಇತ್ತು. ನಾನು ಹೆಂಗಸು, ಒಂಬತ್ತು ಗಂಟೆ ಹೊಟ್ಟೆ ಹಿಡಿದುಕೊಂಡು ಕೂತೆ. ಆ ಸಂಜೆ ನನಗೆ ಬಂದ ಸಿಟ್ಟಿನಲ್ಲಿ ಸ್ಕೂಟರ್ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು.

ಮಾರನೆಯ ದಿನ ಮೂರು ಪುಟ ಬರೆದು ಮ್ಯಾನೇಜರ್ ಮುಂದಿಟ್ಟೆ. ಕಾರ್ಖಾನೆಯವರ ಹತ್ತಿರ ನೀರು, ನೆರಳು, ಶೌಚಾಲಯ ಕೇಳಬೇಕು, ಸರತಿಗೆ ಟೋಕನ್ ಕೊಡಿಸಬೇಕು ಎಂದು. ಅವರು ಮೊದಲ ಪುಟ ಓದಿ ಮಡಿಚಿಟ್ಟರು.

“ಗುತ್ತಿಗೆ ಕೊಟ್ಟೋರ ಹತ್ರ ಕಕ್ಕಸು ಕೇಳೋಕಾಗುತ್ತೇನ್ರೀ? ಒಂದ್ ಕೆಲ್ಸ ಮಾಡಿ. ಇನ್ಮೇಲೆ ತಿಂಗಳ ನೋಟಿಸ್ ಬೇಡ, ಎರಡು ತಿಂಗಳು ಮಾಡಿ. ಅಲ್ಲೀವರೆಗೂ ಲೈಸೆನ್ಸ್ ಬೀರು ಬಿಟ್ಟು ಅಲ್ಲಾಡ್ಬಾರ್ದು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಉರಿದುಕೊಂಡು ನಾನು ಮಾಡಿದ್ದೇನು? ಎರಡು ತಿಂಗಳು ಎಂದು ನೋಟಿಸ್ ಟೈಪ್ ಮಾಡಿ ಗೋಡೆಗೆ ಅಂಟಿಸಿದೆ.

ಅದೇ ದಿನಗಳಲ್ಲಿ ಹಿರಿಯ ಡ್ರೈವರ್ ನನ್ನ ಮೇಜಿನ ಹತ್ತಿರ ಬಂದು ನಿಂತರು. ಜೆರಾಕ್ಸನ್ನು ನಾಲ್ಕು ಮಡಿಕೆ ಬಿಡಿಸಿ ತೋರಿಸಿದರು.

“ಮೇಡಂ, ನನ್ ಲೈಸೆನ್ಸ್ ಒಂದ್ಸಲ ನೋಡ್ಬೇಕಾಗಿತ್ತು. ಇದ್ರಲ್ಲಿ ಡೇಟ್ ಕಾಣಾಕಿಲ್ಲ.”

ನಿಜ, ಕಾಣುತ್ತಿರಲಿಲ್ಲ. ಅವಧಿಯ ತಾರೀಖಿನ ಮೇಲೆಯೇ ಕಂಪನಿಯ ಸೀಲು ಬಿದ್ದಿತ್ತು. ಹಳೆಯ ಜೆರಾಕ್ಸು ಹರಿದುಹೋಗಿದೆ ಎಂದು ಹೋದ ವರ್ಷ ಅದನ್ನು ಮಾಡಿಸಿ ಸೀಲು ಒತ್ತಿದವಳು ನಾನೇ. ಬೀರು ತೆಗೆಯಲು ಎದ್ದೆ. ಆಚೆ ಕೋಣೆಯಿಂದ ಮ್ಯಾನೇಜರ್ ಕೈಸನ್ನೆ ಮಾಡಿ ಕರೆದರು. “ಎಲ್ಲೋ ಬೇರೆ ಕಡೆ ಮಾತಾಡ್ಕೊಂಡಿದಾನೆ. ಕೊಟ್ಟೀರಿ ಹುಷಾರು! ಅವನು ಹೋದ್ರೆ ಟ್ರಯಲ್ ನೋಡೋನು ಯಾರು?”

ನಾನು ವಾಪಸ್ ಬಂದು ನಗುನಗುತ್ತ ಹೇಳಿದೆ, “ಎಲ್ಲಾ ಭದ್ರವಾಗಿದೆ, ಚಿಂತೆ ಮಾಡಬೇಡಿ.”

ತಿಂಗಳಾದ ಮೇಲೆ ಇನ್ನೊಮ್ಮೆ ಬಂದರು. ಆಗ ನಾನು ಫೋನಿನಲ್ಲಿದ್ದೆ. ಫೋನು ಕಿವಿಯಿಂದ ತೆಗೆಯದೆಯೇ ‘ಇದೆ, ಇದೆ’ ಎಂದು ಬೀರುವಿನ ಕಡೆ ಕೈ ತೋರಿಸಿದೆ. ಅವರು ತಲೆಯಾಡಿಸಿ ಹೋದರು. ನಮ್ಮಲ್ಲಿ ಬಹುಪಾಲು ಡ್ರೈವರುಗಳು ಫೋನಿನಲ್ಲೇ ಲೈಸೆನ್ಸ್ ಇಟ್ಟುಕೊಂಡಿದ್ದರು. ಇವರದು ಗುಂಡಿ ಒತ್ತುವ ಫೋನು, ಮೇಲಾಗಿ ಲೈಸೆನ್ಸಿಗೆ ಜೋಡಿಸಿದ್ದ ನಂಬರು ಯಾವುದೋ ಹಳೆಯದು. ಅವಧಿ ಮುಗಿಯುತ್ತದೆ ಎಂದು ಯಾವ ಮೆಸೇಜೂ ಅವರಿಗೆ ಬರುವಂತಿರಲಿಲ್ಲ.

ಆಷಾಢದ ಒಂದು ಸೋಮವಾರ ಕಾರ್ಖಾನೆಯಿಂದ ಪತ್ರ ಬಂತು. ಹೊಸ ಗೇಟ್ ಪಾಸಿಗೆ ಪ್ರತಿ ಡ್ರೈವರಿನ ಲೈಸೆನ್ಸ್ ವಿವರ ಬೇಕು, ಅವಧಿ ಮುಗಿಯುವ ತಾರೀಖು ಸಮೇತ. ಬೀರು ತೆಗೆದು ಒಂದೊಂದೇ ಕವರ್ ಬಿಚ್ಚಿ ಕಂಪ್ಯೂಟರಿಗೆ ತುಂಬುತ್ತ ಹೋದೆ. ನಾಲ್ಕನೆಯದರ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಒಂಬತ್ತನೆಯದು ಮೂರು ವಾರ. ಆಮೇಲೆ ಇನ್ನೂ ಎರಡು. ಕೊನೆಗೆ ಹಿರಿಯ ಡ್ರೈವರಿನದು ಕೈಗೆ ಬಂತು. ತಾರೀಖು ನೋಡಿದೆ. ಕ್ಯಾಲೆಂಡರ್ ನೋಡಿದೆ. ಬೆರಳು ಮಡಿಚಿ ಎಣಿಸಿದೆ. ಮುಗಿದು ಒಂದು ವರ್ಷ ಹನ್ನೊಂದು ದಿನ.

ಇದರ ಅರ್ಥ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮುಗಿದ ಒಂದು ವರ್ಷದೊಳಗೆ ಹೋದರೆ ಅರ್ಜಿ, ವೈದ್ಯರ ಸರ್ಟಿಫಿಕೇಟು, ಶುಲ್ಕ, ಇಷ್ಟರಲ್ಲಿ ನವೀಕರಣ ಆಗುತ್ತದೆ. ವರ್ಷ ದಾಟಿತೋ, ಡ್ರೈವಿಂಗ್ ಪರೀಕ್ಷೆಯನ್ನು ಹೊಸಬರ ಹಾಗೆ ಮತ್ತೆ ಕೊಡಬೇಕು. ಹನ್ನೊಂದು ದಿನ! ಅವರು ಮೊದಲ ಸಲ ಕೇಳಿದಾಗಲೇ ಎದ್ದು ಬೀರು ತೆಗೆದಿದ್ದರೆ ಇನ್ನೂ ತಿಂಗಳ ಮೇಲೆ ಅವಕಾಶ ಇತ್ತು. ಎರಡನೆಯ ಸಲ ಫೋನು ಕೆಳಗಿಟ್ಟು ಎದ್ದಿದ್ದರೂ ಒಂದೆರಡು ವಾರ ಉಳಿದಿತ್ತು. ಕುರ್ಚಿಯ ಮೇಲೆ ನನ್ನನ್ನು ಯಾರೋ ಮೊಳೆ ಹೊಡೆದು ಕೂರಿಸಿದ ಹಾಗಾಯಿತು.

ಆ ಹೊತ್ತಿಗೆ ಅವರು ಎಲ್ಲಿದ್ದರು? ಹದಿನಾರು ಟನ್ ತುಂಬಿಕೊಂಡು ಚಾಮರಾಜನಗರ ದಾಟಿ ದಿಂಬಂ ಘಾಟಿಯ ಕಡೆಗೆ ಹೋಗುತ್ತಿದ್ದರು. ಲೈಸೆನ್ಸಿಲ್ಲದ ಡ್ರೈವರ್. ಅಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ವಿಮೆಯವರು ಕೈಯೆತ್ತುತ್ತಾರೆ, ಕೇಸು ಡ್ರೈವರಿನ ತಲೆಗೆ. ಮ್ಯಾನೇಜರ್ ಹತ್ತಿರ ಓಡಿದೆ.

“ಗಾಡಿ ನಿಲ್ಲಿಸಿ ಅಂತ ಹೇಳ್ತೀನಿ.”

“ಹುಚ್ಚೇನ್ರೀ ನಿಮ್ಗೆ? ಒಂದು ವರ್ಷ ಓಡ್ಸಿಲ್ವಾ? ಇವತ್ತೊಂದು ದಿನ ಓಡ್ಸಿದ್ರೆ ಏನು ಆಕಾಶ ಬಿದ್ದೋಗುತ್ತಾ? ಹೋಗಿ ಇಳಿಸಿ ಬರ್ಲಿ, ಆಮೇಲೆ ನೋಡೋಣ.”

ನಾನು ಅವರ ಮುಂದೆಯೇ ಫೋನ್ ಮಾಡಿದೆ. ಹಿರಿಯ ಡ್ರೈವರ್ ಮೊದಲು ಗಾಡಿ ಪಕ್ಕಕ್ಕೆ ಹಾಕಿ, ಆಮೇಲೆ ತಿರುಗಿ ಫೋನ್ ಮಾಡಿದರು. ಓಡಿಸುವಾಗ ಫೋನ್ ಎತ್ತುವವರಲ್ಲ. ವಿಷಯ ಹೇಳಿದೆ. ಪಕ್ಕದಲ್ಲಿ ಬಸ್ಸೊಂದು ಹಾರ್ನ್ ಹಾಕಿಕೊಂಡು ಹೋದದ್ದು ಮಾತ್ರ ಕೇಳಿಸಿತು.

“ಹಂಗಾರೆ ನಾ ಇಲ್ಲೇ ಇರ್ತೀನಿ ಮೇಡಂ. ಯಾರ್ನಾರ ಕಳ್ಸಿ. ಗಾಡಿ ಬುಟ್ಟು ಹೋಗಾಕಿಲ್ಲ.”

ಬದಲಿ ಡ್ರೈವರನ್ನು ಬಸ್ಸಿನಲ್ಲಿ ಕಳಿಸಿದೆ. ಅವಧಿ ಮುಗಿದ ಉಳಿದ ನಾಲ್ವರು ಅವತ್ತು ಗಾಡಿಯ ಮೇಲಿರಲಿಲ್ಲ, ಅವರ ಕೀಗಳನ್ನು ತೆಗೆದಿಟ್ಟೆ. ಸರಕು ಐದು ಗಂಟೆ ತಡವಾಗಿ ತಲುಪಿತು. ಕಾರ್ಖಾನೆಯವರು ಯಜಮಾನರಿಗೆ ಫೋನಿನಲ್ಲಿ ಮಂಗಳಾರತಿ ಎತ್ತಿದರು.

ಮಾರನೆಯ ಬೆಳಿಗ್ಗೆ ನನ್ನನ್ನು ಯಜಮಾನರ ಕೋಣೆಗೆ ಕರೆದರು. ಮೇಜಿನ ಮೇಲೆ ನನ್ನ ರಿಜಿಸ್ಟರ್ ತೆರೆದಿತ್ತು. ಮ್ಯಾನೇಜರ್ ಅದರಲ್ಲಿ ಹಿರಿಯ ಡ್ರೈವರಿನ ಸಾಲಿಗೆ ಬೆರಳಿಟ್ಟರು.

“ಇಲ್ಲಿ ‘ಎರಡು ವರ್ಷದ ಹಿಂದೆ ವಾಪಸ್ ಕೊಡಲಾಗಿದೆ’ ಅಂತ ಬರೀರಿ. ಕಾರ್ಖಾನೆಯೋರು ಕೇಳಿದ್ರೆ ನಾವು ಕೊಟ್ಟಿದ್ವಿ, ಅವನೇ ರಿನ್ಯೂ ಮಾಡಿಸ್ಲಿಲ್ಲ ಅನ್ನೋಣ. ನಿಮ್ಗೂ ಒಳ್ಳೇದು.”

“ಸಹಿ?”

“ಅವನ ಸಹಿ ಏನು ಮಹಾ? ಮೂರಕ್ಷರ.”

ನಾನು ಯಜಮಾನರ ಮುಖ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಹೀಗೆ ಕಿಟಕಿ ನೋಡಿದ್ದು ಮಾತ್ರ ತಡೆಯಲಾಗಲಿಲ್ಲ. “ಸಾರ್, ನೀವು ಹೇಳಿ. ನೀವು ಬಾಯಿಬಿಟ್ಟು ಬರಿ ಅಂದ್ರೆ ಆಗ ಯೋಚ್ನೆ ಮಾಡ್ತೀನಿ” ಎಂದೆ. ಅವರು ಬಾಯಿಬಿಡಲಿಲ್ಲ. ಅವರದು ಯಾವಾಗಲೂ ಹಾಗೆಯೇ, ಕೊಳಕು ಕೆಲಸಕ್ಕೆಲ್ಲ ಮ್ಯಾನೇಜರನ ಬಾಯಿ, ಒಳ್ಳೆಯದಕ್ಕೆ ಮಾತ್ರ ತಮ್ಮ ಬಾಯಿ. ನಾನು ರಿಜಿಸ್ಟರ್ ಎತ್ತಿಕೊಂಡು ಹೊರಗೆ ಬಂದೆ.

ಹೊರಗೆ ನನ್ನ ಮೇಜಿನ ಮುಂದೆ ಒಬ್ಬ ಹೆಂಗಸು ಕಾಯುತ್ತಿದ್ದರು. ಹಿರಿಯ ಡ್ರೈವರಿನ ಹೆಂಡತಿ. ಕೂರಿ ಎಂದರೆ ಕೂರಲಿಲ್ಲ.

“ರಾತ್ರಿಯಿಂದ ಮಾತಾಡಿಲ್ಲ ಆ ಮನ್ಸ. ಯಾಕ್ರೀ ಅಂದ್ರೆ, ಸ್ಟೇರಿಂಗ್ ಬುಟ್ರೆ ನಂಗೇನು ಬತ್ತದೆ ಅಂತ ಒಂದೇ ಮಾತು. ಏನ್ ಮಾಡ್ಬುಟ್ರಿ ಮೇಡಮ್ಮೋರೆ ನೀವು?”

ನಾನು ತೊದಲಿದೆ. ಕಂಪನಿಯ ನಿಯಮ, ಎಲ್ಲ ಕಡೆಯೂ ಹೀಗೇ, ಎಂದೆಲ್ಲ ಏನೇನೋ ಹೇಳಿದೆ. ಅವರು ಬೀರುವಿನ ಕಡೆ ನೋಡಿದರು.

“ಅದೇಯಾ?”

“ಹೂಂ.”

“ಅದ್ರಲ್ಲಿ ನಿಮ್ದೇನದೆ?”

ನನಗೆ ಅರ್ಥವಾಗಲಿಲ್ಲ.

“ಅಲ್ಲಾ, ನಿಮ್ ಮಾರ್ಕ್ಸ್ ಕಾರ್ಡು, ಡಿಗ್ರಿ ಕಾಗ್ದ, ಅದೂ ಇದ್ರಲ್ಲೇ ಮಡ್ಗವ್ರಾ? ಒಳ್ಗಡೆ ಕುಂತವ್ರಲ್ಲಾ, ಆ ಮ್ಯಾನೇಜ್ರುದು? ನೀವೂ ಸಂಬ್ಳುಕ್ಕೇ ಬರಾದಲ್ವಾ? ನೀವೂ ಬುಟ್ಟು ಹೋಗ್ಬೋದಲ್ವಾ? ನಮ್ಮೋರ್ದು ಮಾತ್ರ ಯಾಕವ್ವಾ ಬೀಗ ಹಾಕ್ಬೇಕು?”

ನನ್ನ ಮಾರ್ಕ್ಸ್ ಕಾರ್ಡು ವಿದ್ಯಾರಣ್ಯಪುರಂನ ನಮ್ಮ ಮನೆಯ ಟ್ರಂಕಿನಲ್ಲಿತ್ತು. ಅದನ್ನು ಯಾರಾದರೂ ಕೇಳಿದ್ದರೆ ನಾನು ಸೇರಿದ ದಿನವೇ ಚಪ್ಪಲಿ ಮೆಟ್ಟಿಕೊಂಡು ವಾಪಸ್ ಹೋಗುತ್ತಿದ್ದೆ. ಇಷ್ಟು ಸರಳವಾದದ್ದು ಎರಡು ವರ್ಷ ನನ್ನ ತಲೆಗೆ ಹೋಗಿರಲಿಲ್ಲ ಎಂದು ನನ್ನ ಮೇಲೆಯೇ ನನಗೆ ಅಸಹ್ಯವಾಯಿತು. ಥೂ, ಇದೂ ಒಂದು ಓದಾ?

ಶನಿವಾರ ಡ್ರೈವರುಗಳೆಲ್ಲ ಟ್ರಿಪ್ ಶೀಟ್ ಕೊಡಲು ಯಾರ್ಡಿಗೆ ಬರುವ ದಿನ. ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ನಾನು ಬೀರುವಿನ ಎರಡೂ ಬಾಗಿಲು ತೆರೆದೆ. ಮೇಜನ್ನು ಹೊರಗಿನ ಜಗುಲಿಗೆ ಎಳೆಸಿದೆ. ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದು ಎರಡು ಕಾಲಂ ಹೊಸದಾಗಿ ಹಾಕಿದೆ, ಅವಧಿ ಮುಗಿಯುವ ದಿನ, ವಾಪಸ್ ಪಡೆದ ಸಹಿ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಒಬ್ಬೊಬ್ಬರನ್ನೇ ಕರೆದು, ಲೈಸೆನ್ಸು ಕೈಗಿಟ್ಟು, ‘ತಾರೀಖು ಜೋರಾಗಿ ಓದಿ’ ಎಂದೆ. ಓದಿದರು. ಅವಧಿ ಮುಗಿದಿದ್ದ ನಾಲ್ವರಿಗೆ ನವೀಕರಣದ ಅರ್ಜಿಯನ್ನು ಅಲ್ಲೇ ತುಂಬಿಸಿ, ನವೀಕರಣ ಆಗುವ ತನಕ ಲಾರಿ ಮುಟ್ಟಕೂಡದು ಎಂದೆ. ಕೆಲವು ವರ್ಷಗಳ ಹಿಂದೆ ಕೊಟ್ಟಿದ್ದವನೊಬ್ಬ ತನ್ನದೇ ಫೋಟೋ ನೋಡಿ, “ಅಯ್ಯೋ ನಾನು ಇಷ್ಟು ಚೆಂದ ಇದ್ನಾ!” ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಹನ್ನೊಂದೂವರೆಗೆ ಮ್ಯಾನೇಜರ್ ಬಂದರು. ಮುಖ ಕೆಂಡವಾಗಿತ್ತು.

“ಸೋಮವಾರ ಒಬ್ರೂ ಇರಲ್ಲ ನೋಡ್ತಾ ಇರಿ. ಎಲ್ಲಾ ಎದ್ದು ಹೋಗ್ತಾರೆ. ಆಗ ನೀವೇ ಓಡ್ಸಿ ಲಾರಿನ.”

“ಹೋಗೋರು ಹೋಗ್ಲಿ ಸಾರ್. ಇರೋರು ಯಾಕಿದ್ದಾರೆ ಅಂತ ಆಗಲಾದ್ರೂ ಗೊತ್ತಾಗುತ್ತೆ” ಎಂದೆ. ದನಿ ನಡುಗುತ್ತಿತ್ತು. ಹೆದರಿಕೆಗೂ ಸಿಟ್ಟಿಗೂ ನನ್ನ ದನಿ ಒಂದೇ ಥರ ನಡುಗುತ್ತದೆ.

ಆ ತಿಂಗಳಲ್ಲಿ ನಾಲ್ವರು ಹೋದರು. ಮ್ಯಾನೇಜರ್ ಒಬ್ಬೊಬ್ಬರು ಹೋದಾಗಲೂ ನನ್ನ ಮೇಜಿನ ಹತ್ತಿರ ಬಂದು ಒಂದೊಂದು ಬೆರಳು ಮಡಿಚಿ ತೋರಿಸುವರು. ಉಳಿದವರು ಉಳಿದರು. ನನ್ನನ್ನು ಕೆಲಸದಿಂದ ತೆಗೆಯಬೇಕೆಂದು ಮಾತು ನಡೆದಿತ್ತಂತೆ, ಅಷ್ಟರಲ್ಲಿ ಕಾರ್ಖಾನೆಯ ಅಧಿಕಾರಿ ಗೇಟಿನಲ್ಲಿ ನಿಂತು ಒರಿಜಿನಲ್ ಲೈಸೆನ್ಸ್ ಜೇಬಿನಲ್ಲಿದ್ದವರನ್ನು ಮಾತ್ರ ಒಳಗೆ ಬಿಟ್ಟ. ಬೇರೆ ಕಂಪನಿಗಳ ಲಾರಿಗಳು ಸಾಲಾಗಿ ಹೊರಗೆ ನಿಂತವು, ನಮ್ಮವು ಒಳಗೆ ಹೋದವು. ಯಜಮಾನರು ಆ ಅಧಿಕಾರಿಗೆ ಏನೆಂದರು ಗೊತ್ತೇ? “ನಮ್ಮಲ್ಲಿ ಡ್ರೈವರ್ ಲೈಸೆನ್ಸ್ ನಾವು ಮುಟ್ಟೋದೇ ಇಲ್ಲ ಸಾರ್. ಅದು ನಮ್ಮ ಪಾಲಿಸಿ.” ನಾನು ಪಕ್ಕದಲ್ಲೇ ನಿಂತಿದ್ದೆ. ಅವರ ಹಣೆಯ ವಿಭೂತಿ ನೋಡುತ್ತ ಹಲ್ಲು ಕಚ್ಚಿಕೊಂಡೆ. ಆದರೂ ಅವತ್ತೇ ಆ ಅಧಿಕಾರಿಯ ಕೈಗೆ ನನ್ನ ಮೂರು ಪುಟದ ಪತ್ರ ಕೊಟ್ಟೆ. ಗೇಟಿನ ಹೊರಗೆ ಈಗ ಒಂದು ನಲ್ಲಿ ಇದೆ. ಶೌಚಾಲಯ ಇನ್ನೂ ಬಂದಿಲ್ಲ.

ಇಷ್ಟರ ನಡುವೆ ಹಿರಿಯ ಡ್ರೈವರ್ ಅವಧಿ ಮುಗಿದ ಲೈಸೆನ್ಸನ್ನು ವಾಪಸ್ ತೆಗೆದುಕೊಂಡು, ನಮ್ಮಲ್ಲಿ ಕೆಲಸ ಬಿಟ್ಟು, ಬಂಡೀಪಾಳ್ಯದಲ್ಲಿ ಲಾರಿಗಳಿಗೆ ಮೂಟೆ ಎಣಿಸಿ ಹತ್ತಿಸುವ ಕೆಲಸಕ್ಕೆ ನಿಂತಿದ್ದರು. ಮತ್ತೆ ಪರೀಕ್ಷೆ ಕೊಡಿ ಎಂದು ನಾನು ಅವರ ಹಿಂದೆ ಬಿದ್ದೆ. ಲೈಸೆನ್ಸಿನ ಹಳೆಯ ನಂಬರ್ ಬದಲಿಸಬೇಕು, ಇಲ್ಲದಿದ್ದರೆ ಓಟಿಪಿ ಬರುವುದಿಲ್ಲ, ಅದಕ್ಕೆ ಮೂರು ಸಲ ಕಚೇರಿಗೆ ಅಲೆದೆವು. ಕಣ್ಣಿನ ಪರೀಕ್ಷೆ, ವೈದ್ಯರ ಸರ್ಟಿಫಿಕೇಟು, ಪರೀಕ್ಷೆಗೆ ಆನ್‌ಲೈನಿನಲ್ಲಿ ದಿನ ಗೊತ್ತು ಮಾಡುವುದು. ಪರೀಕ್ಷೆಗೆ ಭಾರಿ ವಾಹನ ನಾವೇ ತರಬೇಕು. ಯಜಮಾನರ ಹತ್ತಿರ ಒಂದು ಲಾರಿ ಅರ್ಧ ದಿನಕ್ಕೆ ಕೇಳಿದೆ. “ಅವನೀಗ ನಮ್ಮ ಡ್ರೈವರ್ ಅಲ್ವಲ್ಲಮ್ಮ” ಎಂದರು. ಇಪ್ಪತ್ತಾರು ಲಾರಿ ಇಟ್ಟುಕೊಂಡ ಮನುಷ್ಯ! ಡ್ರೈವಿಂಗ್ ಸ್ಕೂಲಿನ ಹಳೆಯ ಲಾರಿಯೊಂದನ್ನು ಗೊತ್ತು ಮಾಡಿ, ರಜೆ ಹಾಕಿ ನಾನೂ ಅವರ ಜೊತೆ ಹೋದೆ.

ಪರೀಕ್ಷೆಯ ಮೈದಾನದಲ್ಲಿ ಸಾಲು. ಮುಂದೆ ಹಿಂದೆ ಎಲ್ಲ ಇಪ್ಪತ್ತು ಇಪ್ಪತ್ತೆರಡರ ಹುಡುಗರು. ನಡುವೆ ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡ ಈ ಮನುಷ್ಯ, ಕೈಯಲ್ಲಿ ಫೈಲು. ಒಬ್ಬ ಹುಡುಗ, “ಅಣ್ಣ, ಕ್ಲಚ್ ಗಟ್ಟಿ ಇರುತ್ತಂತೆ, ಹೆಂಗ್ ತುಳೀಬೇಕು?” ಎಂದು ಕೇಳಿದ. ಇವರು ತಾಳ್ಮೆಯಿಂದ ಹೇಳಿಕೊಟ್ಟರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಮರದ ಹಿಂದೆ ಹೋಗಿ ನಿಂತೆ.

ಇವರ ಸರದಿ ಬಂತು. ಇನ್ಸ್‌ಪೆಕ್ಟರ್ ಹತ್ತಿ ಎಂದರು. ಇವರು ಹತ್ತಲಿಲ್ಲ. ಲಾರಿಯ ಸುತ್ತ ನಡೆದರು, ಟೈರುಗಳನ್ನು ಒಂದೊಂದಾಗಿ ತಟ್ಟುತ್ತ.

“ಏನ್ರೀ, ಪ್ರದಕ್ಷಿಣೆ ಹಾಕ್ತಾ ಇದೀರಾ? ಬೇಗ ಹತ್ರಿ, ಜನ ಕಾಯ್ತಾ ಇದಾರೆ.”

ಹಿಂದಿನ ಜೋಡಿ ಟೈರಿನ ಹತ್ತಿರ ಅವರು ನಿಂತರು. “ಸಾ, ಒಳ್ಗಡೆ ಟೈರಲ್ಲಿ ಗಾಳಿ ಇಲ್ಲ. ಈ ಗಾಡಿ ನಾ ಓಡ್ಸಾಕಿಲ್ಲ.”

“ಖಾಲಿ ಗಾಡಿ, ಇಲ್ಲಿಂದ ಅಲ್ಲಿಗೆ ಓಡಿಸೋಕೆ ಏನ್ರೀ? ಇವತ್ತು ಬಿಟ್ರೆ ಮತ್ತೆ ಡೇಟ್ ತಗೋಬೇಕಾಗುತ್ತೆ.”

“ತಗತೀನಿ ಸಾ.”

ನಾನು ಓಡಿಹೋಗಿ ಅವರ ತೋಳು ಹಿಡಿಯುವುದೊಂದು ಬಾಕಿ. “ದಮ್ಮಯ್ಯ, ಇವತ್ತೊಂದು ದಿನ ಹತ್ತಿಬಿಡಿ” ಎಂದು ಬೇಡಿಕೊಂಡೆ. ಬಾಯಿಂದ ಮಾತು ಹೊರಟ ಮೇಲೆ ಗೊತ್ತಾಯಿತು, ‘ಇವತ್ತೊಂದು ದಿನ ಓಡ್ಸಿದ್ರೆ ಏನು’ ಎಂದು ಮ್ಯಾನೇಜರ್ ಅಂದಿದ್ದನ್ನೇ ನಾನೂ ಅಂದಿದ್ದೆ. ಅವರು ನನ್ನ ಕಡೆ ನೋಡಿದರು, ಫೈಲು ಕಂಕುಳಿಗೆ ಸಿಕ್ಕಿಸಿಕೊಂಡು ಮೈದಾನದಿಂದ ಹೊರಗೆ ನಡೆದರು.

ಮೂರು ವಾರದ ಮೇಲೆ ಮತ್ತೆ ದಿನ ಸಿಕ್ಕಿತು. ಆ ಸಲ ಗಾಡಿ ಸರಿಯಿತ್ತು. ಮತ್ತೆ ಸುತ್ತು ಬಂದರು, ಅದೇ ಇನ್ಸ್‌ಪೆಕ್ಟರ್ ಏನೂ ಅನ್ನದೆ ಕಾದರು. ಹಿಂದಕ್ಕೆ ತೆಗೆದುಕೊಳ್ಳುವಾಗ ಒಂದು ಸಲ ಇಳಿದು ನೋಡಿ, ಮತ್ತೆ ಹತ್ತಿ, ಒಂದು ಕಂಬವನ್ನೂ ಸೋಕದೆ ತಂದು ನಿಲ್ಲಿಸಿದರು. ಪಾಸಾಯಿತು.

ನಾನು ಅಷ್ಟೂ ದಿನ ಅವರ ಹಳೆಯ ಲಾರಿಯನ್ನು ಬೇರೆ ಯಾರಿಗೂ ಖಾಯಮ್ಮಾಗಿ ಕೊಡದೆ, ಅವರಿವರ ಕೈಯಲ್ಲಿ ಓಡಿಸಿ ಕಾದಿಟ್ಟಿದ್ದೆ. ಅದಕ್ಕಾಗಿ ಮ್ಯಾನೇಜರ್ ಜೊತೆ ಎಷ್ಟು ಜಗಳವಾಡಿದ್ದೆನೋ ಲೆಕ್ಕವಿಲ್ಲ. ಕಾರ್ಡು ಕೈಗೆ ಬಂದ ದಿನ ಅವರು ಆಫೀಸಿಗೆ ಬಂದರು. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು, ಮೇಜಿನ ಮುಂದೆ ನಿಂತು, ಕಾರ್ಡನ್ನು ನನಗೆ ಕಾಣುವ ಹಾಗೆ ಹಿಡಿದರು. ನಾನು ತಾರೀಖು ಓದಿದೆ. ಐದು ವರ್ಷ ಇತ್ತು. ಅವರು ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದರು. ನಾನು ಡ್ರಾಯರಿನಿಂದ ಲಾರಿಯ ಕೀ ತೆಗೆದು ಮೇಜಿನ ಮೇಲಿಟ್ಟೆ.

ಅವರು ಕೀ ಮುಟ್ಟಲಿಲ್ಲ.

“ನಾ ಬ್ಯಾರೆ ಕಡೆ ಸೇರ್ಕಂಡೆ ಮೇಡಂ. ಬಂಡೀಪಾಳ್ಯದೋರು.”

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟೆಲ್ಲ ಓಡಾಡಿದ್ದು ಯಾರಿಗೋಸ್ಕರ? “ಅಲ್ಲೇನು ಸುಖ ಇದೆ? ಅವರೂ ಒರಿಜಿನಲ್ ಇಟ್ಕೊಳ್ಳೋರೇ ಅಲ್ವಾ?” ಎಂದೆ, ಸ್ವಲ್ಪ ಜೋರಾಗಿಯೇ.

“ಕೇಳುದ್ರು. ಕೊಡಾಕಿಲ್ಲ ಅಂದೆ. ಹಂಗಾರೂ ಸೇರುಸ್ಕಂಡ್ರು.”

“ಮತ್ತೆ ಇಲ್ಲಿ ಯಾಕೆ ಬೇಡ? ಈಗ ಬೀರು ಖಾಲಿ ಇದೆ. ನೀವೇ ನೋಡಿ, ತೆಗೆದು ತೋರಿಸ್ತೀನಿ.” ನಾನು ಎದ್ದೇಬಿಟ್ಟೆ, ಬೀಗದ ಕೈಗೆ ಬ್ಯಾಗು ತಡಕಿದೆ.

“ಬ್ಯಾಡಿ ಮೇಡಂ, ಕುಂತ್ಕಳಿ” ಎಂದರು. “ನಾ ಎಲ್ಡು ಸಲ ಕೇಳಿದ್ನಲ್ಲಾ. ಆಗ ನೀವು ಏಳ್ಲಿಲ್ಲ.”

ದನಿಯಲ್ಲಿ ಸಿಟ್ಟು ಒಂದು ಚೂರೂ ಇರಲಿಲ್ಲ. ಇದ್ದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ. ಅವರು ಕೈಮುಗಿದು, ಚಪ್ಪಲಿ ಮೆಟ್ಟಿಕೊಂಡು ಹೋದರು, ನಾನು ಬ್ಯಾಗಿನೊಳಗೆ ಕೈ ಹಾಕಿಕೊಂಡು ಹಾಗೆಯೇ ನಿಂತಿದ್ದೆ.